ಪಡಸಾಲೆಯ ದೀಪ ಹತ್ತಲಿಲ್ಲ

ನಮ್ಮ ಮನೆಯಲ್ಲಿ ಸಂಜೆ ಯಾರೂ ಲೈಟ್ ಹಾಕುವುದಿಲ್ಲ, ದೀಪ ಹಚ್ಚುತ್ತಾರೆ. ಹಚ್ಚುವುದು ಗೋಡೆಯ ಮೇಲಿನ ಬಟನ್ನಿನಿಂದ, ಉರಿಯುವುದು ಅಂಗಡಿಯಿಂದ ತಂದ ಎಲ್‌ಇಡಿ ಬಲ್ಬು. ಆದರೂ ಅದು ದೀಪವೇ. ಅವ್ವ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಬೆರಳುಗಳಿಂದ ಪಡಸಾಲೆಯ ಬಟನ್ ಒತ್ತಿ, ಬಲ್ಬಿಗೆ ಕೈಮುಗಿಯುತ್ತಾಳೆ. ಅದು ಹತ್ತುವವರೆಗೆ ಒಳಗಿನ ಯಾವ ದೀಪವನ್ನೂ ಹಚ್ಚುವಂತಿಲ್ಲ. ಮಲಗುವಾಗ ಆರಿಸುವಂತೆಯೂ ಇಲ್ಲ, ‘ಶಾಂತ’ ಮಾಡಬೇಕು. ಒಮ್ಮೆ ಬಾಯಿತಪ್ಪಿ ‘ಆಫ್ ಮಾಡ್ಲೇನವ್ವಾ?’ ಎಂದಿದ್ದಕ್ಕೆ ಆಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ವಿದ್ಯುತ್ತಿಗೆ ನಮ್ಮ ಕುಷ್ಟಗಿ ಕಡೆಯವರು ಕೊಡುವ ಮರ್ಯಾದೆಯೇ ಬೇರೆ. ‘ಲೈಟ್ ಹೋದ್ವು’, ‘ಲೈಟ್ ಬಂದ್ವು’ ಎಂದು ಬಹುವಚನದಲ್ಲೇ ಮಾತಾಡುತ್ತೇವೆ. ‘ಲೈಟ್ ಯಾವಾಗ ಬರ್ತಾವ್ರಿ?’ ಎಂದು ಕೇಳುವಾಗ ಊರಿಗೆ ಹೋದ ಬೀಗರನ್ನು ವಿಚಾರಿಸಿದ ಹಾಗಿರುತ್ತದೆ. ಅವ್ವನ ತವರು ಹುಲಿಹೈದರದಲ್ಲಿ ಮೊದಲ ಬಲ್ಬು ಹತ್ತಿದ ಸಂಜೆ ಆಕೆಯ ಅಜ್ಜಿ ಆರತಿ ತಂದು ಬಲ್ಬಿಗೆ ಬೆಳಗಿದಳಂತೆ. ದೀಪಕ್ಕೇ ದೀಪ ಬೆಳಗಿದ ಆ ಮುದುಕಿಯ ಕಥೆ ಹೇಳಿ ನಾನು ಗೆಳೆಯರನ್ನು ಬಹಳ ನಗಿಸಿದ್ದೇನೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು ನಾನು. ಹಳೆಯದರ ಬಗ್ಗೆ ನಗುವುದಕ್ಕೆ ಸಂಬಳ ಸಿಗುತ್ತದೆ ಎಂದುಕೊಂಡಿದ್ದೆ.

ಇತ್ತೀಚೆಗೆ ಕೊಪ್ಪಳದ ಆಸ್ಪತ್ರೆಯಲ್ಲಿ ಅವ್ವನ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣು ಮಸುಕಾಗಿ ಎಷ್ಟೋ ಕಾಲವಾಗಿತ್ತು, ಇದ್ದ ಆಸೆಯೆಲ್ಲ ಈ ಕಣ್ಣಿನ ಮೇಲೆ. ಕಪ್ಪು ಕನ್ನಡಕ ಹಾಕಿಕೊಂಡೇ ಮನೆಯೊಳಗೆ ಓಡಾಡುತ್ತಿದ್ದಳು. ಪೊರೆ ಬಂದಾಗಿನಿಂದ ಪಡಸಾಲೆಯ ದೀಪದ ಸುತ್ತ ಬಳೆ ಬಳೆ ಕಾಣುತ್ತದೆ ಎನ್ನುತ್ತಿದ್ದವಳು, ಕನ್ನಡಕ ತೆಗೆಯಲು ಡಾಕ್ಟರು ಒಪ್ಪಿದ ದಿನ ಮೊದಲು ಆ ದೀಪವನ್ನೇ ನೋಡಬೇಕೆಂದು ಕಾದಿದ್ದಳು. ಆ ದಿನ ಬಂತು. ನನ್ನ ಹೆಂಡತಿ ಗಂಗಾವತಿಯ ತವರಿಗೆ ಹೋಗಿದ್ದಳು, ನಾನು ಸಾಲೆಯಿಂದ ಬರುವುದು ತಡವಾಯಿತು.

ಬಂದಾಗ ಸೊಳ್ಳೆ ಬಾರದಂತೆ ಬಾಗಿಲು ಮುಂದಕ್ಕೆಳೆದಿತ್ತು. ಒಳಗೆ ಕತ್ತಲೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು, ಕನ್ನಡಕ ಮಡಿಲಲ್ಲಿತ್ತು.

“ದೀಪಾ ಹಚ್ಚಿ ಭಾಳ ಹೊತ್ತಾತು, ತಮ್ಮಾ,” ಎಂದಳು. “ಕಾಣವಲ್ದು. ಕಣ್ಣು ಹ್ವಾದ್ವು.”

ಬಟನ್ ತಡವಿ ನೋಡಿದೆ. ಅದು ಕೆಳಗಿತ್ತು, ಒತ್ತಿದ್ದಳು. ಬಲ್ಬು ಮಾತ್ರ ಉರಿಯುತ್ತಿರಲಿಲ್ಲ.

“ಯವ್ವಾ, ಕಣ್ಣಿಗೇನೂ ಆಗಿಲ್ಲ, ದೀಪಾನ ಹತ್ತಿಲ್ಲ!”

“ನೀ ಸಮಾಧಾನ ಮಾಡಾಕ ಹೇಳ್ತಿ.”

ಬಾಗಿಲು ಪೂರ್ತಿ ತೆರೆದೆ. ಸಂಜೆಯ ಮಬ್ಬು ಒಳಗೆ ಬಂತು, ಅದು ನನಗೂ ಮಬ್ಬೇ. ಅಡಿಗೆಮನೆಯ ಬಟನ್ ಕಡೆ ಹೊರಟರೆ “ಪಡಸಾಲಿ ದೀಪಾ ಹತ್ತದ ಒಳಗ ಹಚ್ಚಬ್ಯಾಡ” ಎಂದಳು. ಮತ್ತೆ ಕನ್ನಡಕ ಏರಿಸಿ, ಅದರ ಹಿಂದೆ ಕಣ್ಣೂ ಮುಚ್ಚಿಕೊಂಡಳು. ಕಣ್ಣು ತೆರೆದರೆ ಆ ದೀಪಕ್ಕೇ ತೆರೆಯುತ್ತಾಳಂತೆ. ಈಗ ಆಕೆಯ ಕಣ್ಣಿನ ಪರ ಸಾಕ್ಷಿ ಹೇಳಬೇಕಾದದ್ದು ಆ ಬಲ್ಬೊಂದೇ.

ಅಡಿಗೆಮನೆಯ ಬಲ್ಬು ಬಿಚ್ಚಿ ತಂದು ಇಲ್ಲಿ ಹಾಕಿದೆ. ಹತ್ತಲಿಲ್ಲ. ಲೈಟ್ ಹೋಗಿವೆಯೇ ಎಂದರೆ ಅದೇ ಬೋರ್ಡಿನ ಫ್ಯಾನು ತಿರುಗುತ್ತಿದೆ. ಮೊಬೈಲಿನ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಬೋರ್ಡು ಬಿಚ್ಚಿ, ಟೆಸ್ಟರನ್ನು ಬಟನ್ನಿನ ಒಂದು ಸ್ಕ್ರೂಗೆ ಮುಟ್ಟಿಸಿದೆ. ಟೆಸ್ಟರಿನೊಳಗೆ ಕುಂಕುಮದ ಕಣದಷ್ಟು ಕೆಂಪು ಬೆಳಕು ಮೂಡಿತು.

ಆಗ ಒಂದು ವಿಷಯ ನೆನಪಾಗಿ ಸ್ತಬ್ಧನಾದೆ. ಟೆಸ್ಟರಿನ ಹಿಂಬದಿಗೆ ಬೆರಳು ತಾಗಿಸದಿದ್ದರೆ ಅದು ಉರಿಯುವುದಿಲ್ಲ. ತಂತಿಯಲ್ಲಿ ಬಂದದ್ದು ಅಪಾಯವಾಗದಷ್ಟು ಸಣ್ಣದಾಗಿ ನನ್ನ ಬೆರಳಿಂದ ಮೈಯೊಳಗೆ ಇಳಿದು ನೆಲಕ್ಕೆ ಹೋಗುತ್ತಿದೆ, ಅದಕ್ಕೇ ಆ ಬೆಳಕು. ಎಲ್ಲೋ ನೀರು ಬಿದ್ದದ್ದು, ಎಲ್ಲೋ ಕಲ್ಲಿದ್ದಲು ಉರಿದದ್ದು, ಗಾಳಿಯಂತ್ರ ತಿರುಗಿದ್ದು, ಕಂಬದಿಂದ ಕಂಬಕ್ಕೆ ಹೊಲ ದಾಟಿ, ಊರು ದಾಟಿ, ನಮ್ಮ ಪಡಸಾಲೆಯಲ್ಲಿ ನನ್ನೊಳಗೆ ಹಾಯ್ದು ಹೋಗುತ್ತಿದೆ! ಬರಿಗಾಲಲ್ಲಿ ನಿಂತ ಇತಿಹಾಸದ ಮಾಸ್ತರ ಅಷ್ಟು ದೊಡ್ಡದರ ಒಂದು ತುಂಡಾಗಿದ್ದ. ಮೈ ಜುಮ್ಮೆಂದಿತು, ಕರೆಂಟಿನಿಂದಲ್ಲ. ಹುಲಿಹೈದರದ ಆ ಅಜ್ಜಿಯನ್ನು ಇನ್ನು ಯಾರ ಮುಂದೆಯೂ ನಗೆಪಾಟಲು ಮಾಡುವುದಿಲ್ಲ ಎಂದುಕೊಂಡೆ.

“ಏನಾತೋ? ಸಪ್ಪಳಿಲ್ಲ,” ಎಂದಳು ಅವ್ವ.

“ಇಲ್ಲೇ ಅದೀನವ್ವಾ.” ಟಾರ್ಚು ಬಾಯಲ್ಲಿದ್ದುದರಿಂದ ಅದು ಆಕೆಗೆ ಹೇಗೆ ಕೇಳಿಸಿತೋ.

ಇನ್ನೊಂದು ಸ್ಕ್ರೂಗೆ ಮುಟ್ಟಿಸಿದೆ. ಕೆಂಪು ಬರಲಿಲ್ಲ. ಬಟನ್ ಮೇಲೆ ಕೆಳಗೆ ಮಾಡಿದರೂ ಬರಲಿಲ್ಲ. ಅಷ್ಟು ದೂರದಿಂದ ಬಂದದ್ದು ಈ ಬಟನ್ನಿನ ಹೊಸ್ತಿಲಲ್ಲಿ ನಿಂತುಬಿಟ್ಟಿತ್ತು.

ಮೇನ್ ಸ್ವಿಚ್ ಇಳಿಸಿದೆ. ಫ್ಯಾನು ನಿಂತಿತು. ಟೆಸ್ಟರಿನಿಂದ ಮತ್ತೊಮ್ಮೆ ಖಾತ್ರಿ ಮಾಡಿಕೊಂಡು ಬಟನ್ ಹೊರಗೆ ತೆಗೆದು ಹೊಟ್ಟೆ ಬಿಚ್ಚಿದೆ. ಒಳಗೆ ತಾಮ್ರಕ್ಕೆ ತಾಮ್ರ ತಾಗಬೇಕಾದ ಜಾಗದಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಸುಣ್ಣವೇ ಎಂದು ಮೂಸಿದೆ. ಅವ್ವನ ಹಣೆಯ ವಾಸನೆ.

ವಿಭೂತಿ! ದಿನಾ ಸಂಜೆ ಆಕೆಯ ಬೆರಳಿಂದ ಉದುರಿದ್ದು ಸಂದಿನಲ್ಲಿ ಇಳಿದು, ಒಂದರ ಮೇಲೊಂದು ಪದರವಾಗಿ, ಕೊನೆಗೆ ದೀಪದ ದಾರಿಗೇ ಅಡ್ಡ ನಿಂತಿತ್ತು. ಭಕ್ತಿಯೇ ಹೆಚ್ಚಾಗಿ ಕೆಟ್ಟ ಬಟನ್ ಇದೊಂದೇ ಇರಬೇಕು. ನಗು ಬಂತು. ಇದನ್ನು ಆಕೆಗೆ ಹೇಳಬಾರದು ಎಂದು ನಿರ್ಧರಿಸಿದೆ. ಹೇಳಿದರೆ ನಾಳೆಯಿಂದ ಬಟನ್ ಮುಟ್ಟುವುದನ್ನೇ ಬಿಟ್ಟಾಳು. ಕೆರೆದು, ಒರೆಸಿ, ಮೂಲೆಯಲ್ಲಿ ಉಳಿದದ್ದನ್ನು ಉಫ್ ಎಂದು ಊದಿ, ಎಲ್ಲ ಮೊದಲಿನಂತೆ ಜೋಡಿಸಿ ಮೇನ್ ಏರಿಸಿದೆ.

“ಯವ್ವಾ, ಬಾ. ನೀನ ಹಚ್ಚು.”

ಅವ್ವ ಗೋಡೆ ಹಿಡಿದು ಬಂದಳು. ಕನ್ನಡಕ ತೆಗೆದಳು, ಕಣ್ಣು ತೆಗೆಯಲಿಲ್ಲ. ತಡವಿ ಬಟನ್ ಒತ್ತಿದಳು. ಬೆಳಕು ಪಡಸಾಲೆಯ ತುಂಬ ಬಿತ್ತು. ಆಕೆ ಕೈಮುಗಿದು, ಮೆಲ್ಲಗೆ ಕಣ್ಣು ತೆರೆದಳು. ಬಲ್ಬನ್ನೇ ನೋಡುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿದಳು.

“ಏನಾಗಿತ್ತಪಾ ಅದಕ್ಕ?”

“ಏನಿಲ್ಲವ್ವಾ, ಧೂಳ ಕುಂತಿತ್ತು.”

ಅವ್ವ ಹತ್ತಿರ ಬಂದು ನನ್ನ ಮುಖ ನೋಡಿದಳು.

“ಧೂಳಂತ, ಧೂಳು! ಮೂಗಿನ ಮ್ಯಾಲೆ ವಿಭೂತಿ ಬಿದ್ದೈತಿ, ಒರಸ್ಕೋ.”

ನಾನು ಒರೆಸಿಕೊಳ್ಳಲಿಲ್ಲ. ಹಾಗೆಯೇ ಬಲ್ಬಿನ ಕಡೆ ತಿರುಗಿ ಕೈಮುಗಿದೆ. ಟೆಸ್ಟರು ಇನ್ನೂ ಕೈಯಲ್ಲೇ ಇತ್ತು.