ತೂಕ ಯಾವ ಕಡೆಗೆ

ನಮ್ಮ ಸೀನಿಯರ್ ವಕೀಲರ ಎಡಗಿವಿಯ ಹಿಂದೆ ಒಂದು ಗುಳಿ ಇತ್ತು. ವರ್ಷಗಟ್ಟಲೆ ಅಲ್ಲಿ ಪೆನ್ಸಿಲ್ ಸಿಕ್ಕಿಸಿದ್ದರ ಗುರುತು. ಕಾರ್ಕಳದ ಅವರ ಆಫೀಸಿನಲ್ಲಿ ಜೂನಿಯರ್‌ಗಳು ನಾವಿಬ್ಬರು, ನಾನು ಮತ್ತು ಒಬ್ಬ ಹುಡುಗಿ. ನಾನು ಬರೆದ ದಾವೆಯ ಮೈತುಂಬ ಆ ಪೆನ್ಸಿಲ್ ಓಡಾಡುತ್ತಿತ್ತು. ಅವಳು ಬರೆದದ್ದಕ್ಕೆ ಮೂಲೆಯಲ್ಲೊಂದು ಪುಟ್ಟ ಸರಿ ಗುರುತು, ಅಷ್ಟೆ. ಅವಳ ಅಪ್ಪ ಗಾರೆ ಕೆಲಸಕ್ಕೆಂದು ಬಾಗಲಕೋಟೆಯಿಂದ ಮಣಿಪಾಲಕ್ಕೆ ಬಂದವರು. ಅಲ್ಲಿಂದ ಇಲ್ಲಿಯವರೆಗೆ ಬಂದ ಹುಡುಗಿಯನ್ನು ಮೆಚ್ಚಬೇಕಿತ್ತು. ನಾನು ಹೊಟ್ಟೆ ಉರಿದುಕೊಂಡೆ.

ಕುಕ್ಕುಂದೂರಿನ ಒಂದು ಕಾಲುದಾರಿಯ ದಾವೆ ನನ್ನ ಪಾಲಿಗೆ ಬಂತು. ಅವಳಿಗಿಂತ ಒಂದು ಕೈ ಮೇಲು ಅನ್ನಿಸಿಕೊಳ್ಳುವ ಆತುರದಲ್ಲಿ, "ಒಂದಿಷ್ಟೂ ಸಂಶಯ ಉಳಿಯದ ಹಾಗೆ ರುಜುವಾತು ಮಾಡುತ್ತೇವೆ" ಎಂದು ಕೋರ್ಟಿನಲ್ಲಿ ಹೇಳಿಬಿಟ್ಟೆ. ಎದುರಿನ ವಕೀಲರು ನಕ್ಕು, "ಮಾಡಲಿ ಸ್ವಾಮಿ" ಎಂದರು.

ಸಂಜೆ ಸೀನಿಯರ್ ಕರೆದು ಕೂರಿಸಿಕೊಂಡರು. "ಅದು ಕೊಲೆ ಕೇಸಿಗೆ ಮಾರಾಯ. ದಾರಿಯ ದಾವೆಗೆ ಅಷ್ಟು ಭಾರ ಯಾಕೆ ಹೊರುತ್ತೀ? ಪ್ರಿಪಾಂಡರೆನ್ಸ್ ಸಾಕು. ಹಾಗೆಂದರೆ ಎಂತ? ಒಂದು ಕಡೆ ತೂಕ ಸ್ವಲ್ಪ ಹೆಚ್ಚು ಉಂಟು, ಅಷ್ಟೆ. ಸಾಕ್ಷಿಗಳ ತಲೆ ಎಣಿಸುವುದಲ್ಲ, ತೂಗುವುದು. ಉಚ್ಚಿಲದ ಮೀನು ಮಾರ್ಕೆಟಿನಲ್ಲಿ ನೋಡಿಲ್ವಾ, ಹತ್ತು ಬೂತಾಯಿಗಿಂತ ಒಂದು ಅಂಜಲ್ ಭಾರ."

ಪಾಠ ನನಗೆ, ಕೊನೆಯ ವಾದ ಮಾತ್ರ ಅವಳಿಗೆ ಕೊಟ್ಟರು. ಅಲ್ಲಿ ದಾರಿಯೇ ಇರಲಿಲ್ಲವೆಂದು ಎದುರಾಳಿ ಕಡೆ ಎಂಟು ಜನ ನೆಂಟರು ಸಾಕ್ಷಿ ಹೇಳಿದ್ದರು. ಆ ದಾರಿಯಲ್ಲೇ ಕಾಗದ ಹಂಚಿದ ಹಳೆಯ ಅಂಚೆಯಣ್ಣನ ಒಂದೇ ಮಾತು ಹಿಡಿದು, ಪ್ರಿಪಾಂಡರೆನ್ಸ್ ನಮ್ಮ ಕಡೆಗಿದೆ ಎಂದು ಅವಳು ತೋರಿಸಿದಳು. ಗೆದ್ದೆವು. ಕಕ್ಷಿದಾರರು ಕೈ ಮುಗಿದದ್ದು ಅವಳಿಗೆ. ಆ ದಿನ ನನಗೆ ಊಟ ಸೇರಲಿಲ್ಲ.

ಕಳೆದ ವರ್ಷ ಸೀನಿಯರ್ ಮಣಿಪಾಲದಲ್ಲಿ ಆಸ್ಪತ್ರೆ ಸೇರಿದರು. ಒಂದು ಮಧ್ಯಾಹ್ನ ನಾಚಿಕೆ ಬಿಟ್ಟು ಕೇಳಿದೆ: "ಸರ್, ನಿಮಗೆ ಅವಳ ಮೇಲೆಯೇ ಪ್ರೀತಿ ಹೆಚ್ಚು, ಅಲ್ವಾ?"

ಕೆಮ್ಮು ಬರುವಷ್ಟು ನಕ್ಕರು. "ನಿನಗೆ ಇನ್ನೂ ಕೊಲೆ ಕೇಸಿನ ರುಜುವಾತೇ ಬೇಕಾ ಮಾರಾಯ?"

ಅಷ್ಟರಲ್ಲಿ ಅವಳು ಗಂಜಿ ತಂದಳು. ಚಮಚ ಎತ್ತಿ, "ಸರ್, ಸ್ವಲ್ಪ ಬಾಯಿ ತಗೀರಿ" ಎಂದಳು. ಅವರು ಮುಖ ನನ್ನ ಕಡೆಗೆ ತಿರುಗಿಸಿದರು.

"ಅವನು ಕುಡಿಸಲಿ."

ನಾಲ್ಕೇ ಚಮಚ ಕುಡಿದರು. ಮೂರನೆಯ ದಿನ ಹೋಗಿಬಿಟ್ಟರು. ನಾನು ಗಂಜಿ ಕುಡಿಸುತ್ತಿದ್ದಾಗ ಖಾಲಿ ಕೈಯಲ್ಲಿ ನಿಂತು ಅವಳು ನನ್ನನ್ನು ನೋಡಿದ ನೋಟ ಮರೆಯಲಾರೆ. ಅಷ್ಟೂ ವರ್ಷ ನಾನು ಅವಳನ್ನು ನೋಡಿದ್ದು ಹಾಗೆಯೇ.