ಎರಡು ಸಲ ಕತ್ತರಿಸಿದ ನಾಲಿಗೆ

ಮೊನ್ನೆ ಕಪಾಟು ಜಾಡಿಸುವಾಗ ಹಳೆಯ ಪ್ರೂಫ್ ಕಟ್ಟೊಂದು ಕೈಗೆ ಬಂತು. ಬಿಚ್ಚಿದ ಕೂಡಲೇ ನಶ್ಯದ ಘಾಟು. ಕೆಂಪು ಶಾಯಿಯ ತಿದ್ದುಪಡಿಗಳ ನಡುವೆ ಅಲ್ಲಲ್ಲಿ ಕಂದು ಕಲೆಗಳು... ನನಗೆ ಸೀನು ಬರಲಿಲ್ಲ, ಸಿಟ್ಟು ಬಂತು.

ಅದನ್ನು ತಿದ್ದಿದವರು ಗದುಗಿನ ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುತ್ತಿದ್ದ ಮಾಸ್ತರರು. ಶಾಲೆಯಿಂದ ನಿವೃತ್ತರಾದ ಮೇಲೆ ಶಿರಹಟ್ಟಿಯಿಂದ ದಿನಾ ಬಸ್ಸಿಗೆ ಬಂದು ಮೂಲೆಯ ಬೆಂಚಿನ ಮೇಲೆ ಕೂಡುತ್ತಿದ್ದರು. ನಾನು ಲಕ್ಷ್ಮೇಶ್ವರದಲ್ಲಿ ಕೂತು ಏಳು ಕೋಟೆಗಳ ಮಾಯಾರಾಜ್ಯದ ಕಥೆ ಬರೆಯುತ್ತಿದ್ದೆ. ಮೊದಲ ಭಾಗಗಳು ಬಿಸಿ ಮಿರ್ಚಿಯಂತೆ ಖರ್ಚಾದವು. ಮೂರನೇ ಭಾಗದ ಕೊನೆಗೆ ರಾಜಕುಮಾರಿ ಸೆರೆಸಿಕ್ಕಳು. ಕಾಲೇಜು ಹುಡುಗಿಯರು ಬಸ್ ಸ್ಟ್ಯಾಂಡಿನಲ್ಲಿ ತಡೆದು "ಮುಂದೇನಾತ್ರಿ?" ಎಂದು ಕೇಳುತ್ತಿದ್ದರು. ನನಗೂ ಎರಡು ಕೋಡು ಮೂಡಿದ್ದವು.

ನಾಲ್ಕನೇ ಭಾಗ ಅಚ್ಚಾದ ದಿನ ಮುಂಡರಗಿಯ ಪುಸ್ತಕದಂಗಡಿಯವರು ಪ್ರತಿ ಒಯ್ಯಲು ಬಂದಿದ್ದರು. ಹೆಂಗೈತಿ ಎಂದು ಮಾಸ್ತರರನ್ನು ಕೇಳಿದರು. ನಾನು ಎದುರಿಗೇ ಕೂತಿದ್ದೆ.

"ಕಥಿ ಮೂರನೇ ಭಾಗಕ್ಕ ನಿಂತೈತ್ರಿ. ಈ ಅಕ್ಕಾರಿಗೆ ಇನ್ನೂ ಖಬರಿಲ್ಲ," ಎಂದವರೇ ನಶ್ಯ ಏರಿಸಿದರು.

ಅಂಗಡಿಯವರು ಅರ್ಧದಷ್ಟು ಪ್ರತಿಗಳನ್ನು ಅಲ್ಲೇ ಬಿಟ್ಟು ಹೋದರು. ನಾನು ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತವಳು, ಊರಲ್ಲಿ ಇಳಿಯುವಷ್ಟರಲ್ಲಿ ಸೇಡಿನ ದಾರಿ ಕಂಡುಕೊಂಡಿದ್ದೆ. ಐದನೇ ಭಾಗಕ್ಕೆ ಹೊಸ ಮಾಂತ್ರಿಕನೊಬ್ಬ ಬಂದ. ಮುದುಕ, ಮೂಗಿಗೆ ಸದಾ ಪುಡಿ ಏರಿಸುವವ, ಎಲ್ಲರ ಮಾತಿನಲ್ಲೂ ತಪ್ಪು ಹುಡುಕುವವ. ಅವನ ನಾಲಿಗೆ ಕತ್ತರಿಸಿದೆ. ಆರನೇ ಭಾಗದಲ್ಲಿ ಕತ್ತೆಯ ಮೇಲೆ ಕೂರಿಸಿ ಏಳೂ ಕೋಟೆ ಸುತ್ತಿಸಿದೆ. ರಾಜಕುಮಾರಿ ಸೆರೆಯಲ್ಲೇ ಇದ್ದಳು, ಯುದ್ಧ ನಿಂತಲ್ಲೇ ನಿಂತಿತ್ತು, ನನಗೆ ಅದರ ಪರಿವೆಯೇ ಇರಲಿಲ್ಲ. ಇದನ್ನೆಲ್ಲ ಮಾಸ್ತರರೇ ಸಾಲು ಸಾಲು ಓದಿ ತಿದ್ದಬೇಕಲ್ಲ, ಆ ಖುಷಿಯೇ ಸಾಕಿತ್ತು. ಅವರು ತಿದ್ದಿದರು. ಒಂದು ಅಲ್ಪವಿರಾಮವನ್ನೂ ಬಿಡಲಿಲ್ಲ...

ಎಂಟನೇ ಭಾಗದಲ್ಲಿ ಆ ಮಾಂತ್ರಿಕ ತಪ್ಪಾಯಿತು ಎಂದು ಕಾಲು ಹಿಡಿದು ಗೋಗರೆಯುತ್ತಾನೆ. ಪ್ರೂಫಿನ ಅಂಚಿಗೆ ಮಾಸ್ತರರು ದುಂಡಗೆ ಬರೆದಿದ್ದರು: "ಐದನೇ ಭಾಗದಲ್ಲಿ ಇವನ ನಾಲಿಗೆ ಕತ್ತರಿಸಿದ್ದೀರಿ. ಇನ್ನೊಮ್ಮೆ ಕತ್ತರಿಸುವುದಿದ್ದರೆ ಮೊದಲು ಬೆಳೆಸಿರಿ."

ಮುಖಕ್ಕೆ ಹೊಡೆದಂತಾಯಿತು. ಹಟಕ್ಕೆ ಬಿದ್ದು ಮಂತ್ರದಿಂದ ನಾಲಿಗೆ ಬೆಳೆಸಿದೆ, ಮತ್ತೆ ಕತ್ತರಿಸಿದೆ. ಅದಕ್ಕೇ ಎರಡು ಅಧ್ಯಾಯ ಹಿಡಿಯಿತು. ಅಷ್ಟೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಯಾರೂ ತಡೆಯುತ್ತಿರಲಿಲ್ಲ.

ಒಂಬತ್ತನೇ ಭಾಗ ಕೊಡಲು ಹೋದಾಗ ಬೆಂಚು ಖಾಲಿ ಇತ್ತು. ಮಾಸ್ತರರು ತೀರಿಕೊಂಡು ಹದಿನೈದು ದಿನವಾಗಿತ್ತು. ಶಿರಹಟ್ಟಿಗೆ ಹೋದೆ. ದುಃಖಕ್ಕೆ ಹೋದೆ ಎಂದರೆ ಸುಳ್ಳು. ನನ್ನ ಸೇಡು ಅವರಿಗೆ ನಾಟಿತ್ತೋ ಇಲ್ಲವೋ ತಿಳಿಯಬೇಕಿತ್ತು, ಅಷ್ಟೇ. ಅವರ ಹೆಂಡತಿ ಚಹಾ ತಂದುಕೊಟ್ಟು ಎದುರಿಗೆ ಕೂತರು.

"ದಿನಾ ಮನಿಗೆ ಬಂದು ನಿಮ್ಮ ಕಥಿ ಹೇಳ್ತಿದ್ರರಿ. ಇವತ್ತ ನನ್ನನ್ನ ಕತ್ತೀ ಮ್ಯಾಲ ಕುಂದ್ರಿಸ್ಯಾರ ಅಂತ ನಗತಿದ್ರು," ಎಂದರು. ಆಮೇಲೆ ಕೇಳಿದರು: "ಆ ಹುಡಿಗಿ ಸೆರಿಯಿಂದ ಹೊರಗ ಬಂದಳೇನ್ರಿ? ದವಾಖಾನ್ಯಾಗೂ ಅದನ್ನ ಕೇಳತಿದ್ರು."

ನನ್ನ ಚೀಲದಲ್ಲಿದ್ದ ಒಂಬತ್ತನೇ ಭಾಗದಲ್ಲೂ ಅವಳು ಹೊರಗೆ ಬಂದಿರಲಿಲ್ಲ.

ಮಾಸ್ತರರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹತ್ತನೇ ಭಾಗ ಬರೆಯಲು ಎಷ್ಟೋ ಸಲ ಕೂತಿದ್ದೇನೆ. ರಾಜಕುಮಾರಿಯನ್ನು ಬಿಡಿಸುವುದು ಒಂದು ಪುಟದ ಕೆಲಸ... ಬಿಡಿಸಿದರೆ ಮಾಸ್ತರರು ಗೆದ್ದಂತೆ. ಬಿಡಿಸದೆ ಇದ್ದರೆ, ಯಾಕೆ ಬಿಡಿಸಲಿಲ್ಲ ಎಂದು ಕೇಳಲು ಈಗ ಯಾರೂ ಇಲ್ಲ.