ಏರಿಯ ಮೇಲೆ ನಿಂತವರು

ಮೊನ್ನೆ ಚಿಂತಾಮಣಿ ಸಂತೆಯಲ್ಲಿ, ಪ್ಲಾಸ್ಟಿಕ್ ಟಬ್ಬಿನೊಳಗೆ ಒಂದು ಕೊರಮೀನು ಮೂತಿ ಮೇಲೆತ್ತಿ ಗಾಳಿ ಕುಡಿಯುತ್ತಿತ್ತು. ಕೆರೆ ಕೆಸರಿನ ವಾಸನೆ. ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದಲ್ಲಿ ನಾನು ಹೊಸದಾಗಿ ಮೇಷ್ಟ್ರಾಗಿದ್ದಾಗ ಪಕ್ಕದ ಮನೆಯಲ್ಲಿದ್ದ ಮೀನುಗಾರಿಕೆ ಇಲಾಖೆಯ ಸಾಹೇಬರು ನೆನಪಾದರು. ಮುಖ ಮಾತ್ರ ಬರಲಿಲ್ಲ. ಕನ್ನಡಕವಿತ್ತೆಂದು ಬರೆಯಬಹುದು, ಇತ್ತೋ ಇಲ್ಲವೋ...

ಒಂಟಿ ಮನುಷ್ಯ. ಕಚೇರಿ ಬಿಟ್ಟರೆ ಸಂಜೆಯ ಕೆರೆ ಏರಿ, ಅಷ್ಟೇ. ಮಳೆಗಾಲದಲ್ಲಿ ಕೊರಮೀನಿನ ಮರಿಗಳು ಕೆಂಪು ಗುಂಪಾಗಿ ನೀರಿನ ಮೇಲೆ ತೇಲುತ್ತವೆ, ತಾಯಿ ಕೆಳಗೆ ಕಾವಲಿರುತ್ತದೆ. ಎಷ್ಟು ಗುಂಪು ಕಂಡವು, ಬಲೆಗೆ ಬೀಳುವ ಮೀನು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆಯೆ, ಇಂಥ ಗುರುತುಗಳನ್ನು ನೋಡಿ, ಹಿಡಿಯುವುದನ್ನು ನಿಲ್ಲಿಸಬೇಕೆ ಬೇಡವೆ ಎಂದು ಅವರು ಮೇಲಿನವರಿಗೆ ಸಲಹೆ ಕೊಡಬೇಕಿತ್ತು. ನಿಲ್ಲಿಸಿದರೆ ಏರಿ ಪಕ್ಕದ ಮನೆಗಳಿಗೆ ದುಡಿಮೆಯಿಲ್ಲ. ನಿಲ್ಲಿಸದಿದ್ದರೆ ಕೊರಮೀನೇ ಉಳಿಯುವುದಿಲ್ಲವೇನೋ. ಒಂದೇ ಗುರುತು ನಂಬಿ ಯಾರ ಅನ್ನವನ್ನೂ ಮುಟ್ಟಬಾರದು ಎನ್ನುತ್ತಿದ್ದರು.

ಗಾಳದವರೂ ಅದೇ ಕೆಂಪನ್ನು ಹುಡುಕುತ್ತಿದ್ದರು. ಮರಿಗಳ ಮೇಲೆ ಗಾಳಕ್ಕೆ ಕಟ್ಟಿದ ಕಪ್ಪೆ ಕುಣಿಸಿದರೆ ತಾಯಿ ಸಿಟ್ಟಿನಿಂದ ಎದ್ದು ಕಚ್ಚುತ್ತದೆ. ತಾಯಿ ಹೋದರೆ ಮರಿಗಳೂ ಹೋದಂತೆ.

ಮನೆಮನೆಗೆ ಮೀನು ಮಾರಲು ಬರುತ್ತಿದ್ದ, ನಾವೆಲ್ಲ ಮೀನಿನ ಅಮ್ಮ ಎನ್ನುತ್ತಿದ್ದ ಹೆಂಗಸು ಒಂದು ದಿನ ಬುಟ್ಟಿ ಇಳಿಸುತ್ತ ನಗೆಯಾಡಿದಳು: "ನಿನ್ನೆ ಎಲ್ಲಿ ನಿಂತಿದ್ರಿ ಸಾಹೇಬ್ರೆ? ನಮ್ಮೋರು ಕೇಳ್ತಾವ್ರೆ. ನೀವು ಕಣ್ಣಿಟ್ಟ ಕಡೆ ಗಾಳ ಹಾಕಿದ್ರೆ ಖಾಲಿ ಬರಲ್ವಂತೆ."

ಸಾಹೇಬರು ನಗಲಿಲ್ಲ. "ಹಂಗಾದ್ರೆ ಈ ವರ್ಷ ಮರಿ ಗುಂಪು ಕಮ್ಮಿ ಆಗಿದ್ದು ಕೆರೆಯಿಂದಲೋ, ನನ್ನಿಂದಲೋ?"

"ಮೀನನ್ನೇ ಕೇಳಿ ಹೋಗಿ. ನಂಗೇನು ಗೊತ್ತು."

ಅಂದಿನಿಂದ ಅವರು ಏರಿಗೆ ಹೋಗಲಿಲ್ಲ. ಸಂಜೆಗಳಲ್ಲಿ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂರುತ್ತಿದ್ದರು. "ಒಂದು ಸುತ್ತು ಹೋಗಣ ಬನ್ನಿ ಸಾರ್" ಎಂದು ಕರೆದೆ. "ನಾನು ನೋಡದೆ ಇದ್ರೇನೇ ಅವು ಬದುಕ್ತಾವೆ ಮೇಷ್ಟ್ರೆ" ಎಂದರು. ಹೀಗೆಯೇ ಅಂದರೋ, ಇಷ್ಟು ಒಪ್ಪವಾಗಿಸಿದ್ದು ನಾನೋ...

ಕೊನೆಗೆ ಬಲೆಯ ಮೀನಿನ ಅಳತೆಯೊಂದನ್ನೇ ನಂಬಿ, ಮುಂದಿನ ಮಳೆಗಾಲ ಗಾಳ, ಬಲೆ ಎರಡೂ ಬೇಡವೆಂದು ಸಲಹೆ ಕೊಟ್ಟರು. ಆದೇಶ ಬಂತು. ಮೀನಿನ ಅಮ್ಮ ಅವರ ಬಾಗಿಲಿಗೆ ಬರುವುದನ್ನು ಬಿಟ್ಟಳು. ಮಿಕ್ಕವರೂ ಬೀದಿಯಲ್ಲಿ ಮುಖ ತಿರುಗಿಸಿದರು. ಮಳೆ ಬೀಳುವ ಮೊದಲೇ ಸಾಹೇಬರಿಗೆ ವರ್ಗವಾಯಿತು.

ಹೊರಡುವ ದಿನ ಹೇಳಿದರು: "ಮಳೆ ಆದ್ಮೇಲೆ ಒಂದ್ಸಲ ಹೋಗಿ ನೋಡಿ ಮೇಷ್ಟ್ರೆ. ಜಾಸ್ತಿ ಹೊತ್ತು ನಿಲ್ಬೇಡಿ."

ಹೋದೆ. ಕೆಂಪು ಕಂಡಿತು, ಹಲವು ಕಡೆ. ಆದರೆ ಆ ವರ್ಷ ಮಳೆಯೂ ಚೆನ್ನಾಗಿತ್ತು. ಸಲಹೆಯ ಫಲವೋ, ಮಳೆಯದೋ... ನಿಲ್ಲದೆ ಬಂದುಬಿಟ್ಟೆ. ಅವರಿಗೆ ಇದನ್ನು ಹೇಳುವ ಮೊದಲೇ, ಅವರು ತೀರಿಕೊಂಡರೆಂದು ಬಸ್ಸಿನಲ್ಲಿ ಯಾರೋ ಹೇಳಿದರು.

ಈಗ ಆ ಕೆರೆಗೆ ಬೇರೆಡೆಯಿಂದ ಮರಿ ತಂದು ಬಿಡುತ್ತಾರೆ, ಬೆಳೆದ ಮೇಲೆ ಬಾಚಿಕೊಳ್ಳುತ್ತಾರೆ. ನೀರಿನ ಮೇಲೆ ಆ ಕೆಂಪು ಕಾಣುವುದಿಲ್ಲ, ಯಾರೂ ನೋಡಬೇಕಾದದ್ದೇನೂ ಇಲ್ಲ. ಕೆಲವು ಸಂಜೆ ನಾನು ಏರಿಯ ಮೇಲೆ ಹೋಗಿ ನಿಲ್ಲುತ್ತೇನೆ. ಎಷ್ಟು ಹೊತ್ತು ನಿಂತರೂ ಗಾಳ ಹಿಡಿದು ಯಾರೂ ಬರುವುದಿಲ್ಲ.